ದೋಣಿಗೆ ಬಾಗಿಲಿಲ್ಲ

ಮನೇಲಿ ಇಲಿ, ಬೀದೀಲಿ ಹುಲಿ ಅನ್ನುವ ಗಾದೆ ಹುಟ್ಟಿದ ಕಾಲಕ್ಕೆ ಫೋನ್ ಇರಲಿಲ್ಲ. ಇದ್ದಿದ್ದರೆ ಗಾದೆ ಕಟ್ಟಿದವರು ಇವಳನ್ನು ನೋಡಿ ಇನ್ನೊಂದು ಸಾಲು ಸೇರಿಸುತ್ತಿದ್ದರು. ಇವಳು ಮನೆಯಲ್ಲೂ ಇಲಿ, ಬೀದಿಯಲ್ಲೂ ಇಲಿ, ಫೋನಿನಲ್ಲಿ ಮಾತ್ರ ಹುಲಿ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆ ಅವಳದು. ಅಲ್ಲಿ ಒಂದು ಟೇಬಲ್ಲು, ಗಾಜಿನ ಅಂಚು ಉಜ್ಜುವ ಚಕ್ರ, ಕಡ್ಡಿ ಬಗ್ಗಿಸಲು ಬಿಸಿಗಾಳಿ ಊದುವ ಯಂತ್ರ, ಸಾಸಿವೆಯಷ್ಟು ಸಣ್ಣ ತಿರುಪುಗಳ ಡಬ್ಬಿ. ಮುಂದೆ ಮಾಲೀಕ ಗಿರಾಕಿಗಳ ಕಣ್ಣು ನೋಡಿ ಚೀಟಿ ಒಳಗೆ ಕಳಿಸುತ್ತಾನೆ, ಇವಳು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. "ಏನಮ್ಮಾ, ಆಯ್ತಾ?" ಅನ್ನುವುದು ಬಿಟ್ಟು ಮಾಲೀಕ ಅವಳೊಂದಿಗೆ ಬೇರೆ ಮಾತು ಆಡಿದ್ದು ಕಡಿಮೆ. ಮನೆಯಲ್ಲಾದರೋ, ಗೋಡೆಗೆ ಯಾವ ಬಣ್ಣ ಅಂತ ಗಂಡ ಮತ್ತು ಅತ್ತೆ ಇಬ್ಬರೇ ಕೂತು ತೀರ್ಮಾನಿಸಿದ್ದರು. ಬಣ್ಣದವನು ಬಂದು ಡಬ್ಬ ತೆರೆದಾಗಲೇ ಇವಳಿಗೆ ಗೊತ್ತಾಗಿದ್ದು.

ಫೋನಿನೊಳಗೆ ಮಾತ್ರ ಅವಳಿಗೊಂದು ಊರಿತ್ತು. ಹೊಳೆಯಾಚೆ ಅಂತ ಅದರ ಹೆಸರು. ಒಂದು ಆಟದ ಆ್ಯಪಿನಲ್ಲಿ ನಲವತ್ತೆರಡು ಜನ ಸೇರಿ, ದಿನಾ ಒಂದೊಂದು ಸಾಲು ಬರೆದು ಕಟ್ಟಿದ ಊರು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬ ಕಳ್ಳ, ಒಬ್ಬಳು ಮದ್ದಿನಜ್ಜಿ, ಒಬ್ಬ ದೋಣಿಗಾರ. ಪಾತ್ರದ ಬಾಯಿಂದಲೇ ಮಾತು, ಪಾತ್ರದ ಕೈಯಿಂದಲೇ ಕೆಲಸ. ಊರಿನ ಕೋಟೆಗೆ ಇವಳೇ ಒಡತಿ. ಯಾವ ಜಗಳ ಎಲ್ಲಿಗೆ ನಿಲ್ಲಬೇಕು, ಯಾರ ಮಾತು ಉಳಿಯಬೇಕು, ಯಾರದು ಅಳಿಸಬೇಕು ಎಲ್ಲ ಇವಳ ಕೈಯಲ್ಲಿ. ಇವಳು ಒಂದು ಮಾತು ಹೇಳಿದರೆ ಸಾಕು, ಉಳಿದವರು "ಅಪ್ಪಣೆ, ಒಡತಿ" ಅನ್ನುತ್ತಿದ್ದರು.

ಸುಮ್ಮನೆ ಹೇಳಬಾರದು, ಅವಳು ಒಳ್ಳೆಯ ಒಡತಿಯೇ. ಹೊಸಬರು ಹೆದರಿ ಹೆದರಿ ಅರ್ಧ ಸಾಲು ಬರೆದರೆ ಮೊದಲ ಉತ್ತರ ಇವಳದೇ. ಬಾಯಿಬಡುಕರಿಗೆ ಕಡಿವಾಣ, ಮೂಲೆಯಲ್ಲಿ ಕೂತವರಿಗೆ ಸರದಿ. ತನ್ನವರು, ಪರರು ಅನ್ನುವ ಭೇದ ಇಲ್ಲ. ಒಂದೇ ಒಂದು ನಿಯಮದಲ್ಲಿ ಮಾತ್ರ ಕಲ್ಲು. ಮುಖವಾಡ ಕಳಚಬಾರದು. ಯಾರೂ ಯಾರ ನಿಜವಾದ ಹೆಸರು, ಊರು, ಮನೆ ವಿಚಾರ ಕೇಳಬಾರದು, ಹೇಳಲೂಬಾರದು. ತಪ್ಪಿದರೆ ಮೂರು ದಿನ ಮೌನವಾಸ, ಅಂದರೆ ಗುಂಪಿನಲ್ಲಿ ಬರೆಯುವ ಹಾಗಿಲ್ಲ.

ನಿಯಮಕ್ಕೆ ಕಾರಣವೂ ಇತ್ತು. ಇದಕ್ಕೂ ಮೊದಲು ಅವಳಿದ್ದ ಗುಂಪಿನಲ್ಲಿ ಒಬ್ಬ, ಆಟದಲ್ಲಿ ತಂಗಿಯಾಗಿದ್ದ ಹುಡುಗಿಯ ನಿಜವಾದ ವಿಳಾಸ ಸಂಪಾದಿಸಿ, ದಿನಾ ಅವಳ ಮನೆ ಮುಂದೆ ನಿಲ್ಲತೊಡಗಿದ್ದ. ಆ ಹುಡುಗಿ ಮನೆ ಬದಲಿಸಬೇಕಾಯಿತು. ಅಂದೇ ಇವಳು ಪಣ ತೊಟ್ಟಿದ್ದು, ನನ್ನ ಊರಲ್ಲಿ ಯಾರಿಗೂ ಯಾರ ಬಾಗಿಲೂ ಗೊತ್ತಾಗಬಾರದು ಅಂತ.

ದೋಣಿಗಾರ ಗುಂಪಿಗೆ ಬಂದು ಮೂರು ವರ್ಷವಾಗಿತ್ತು. ಗಂಡಸು, ವಯಸ್ಸಾಗಿದೆ ಅನ್ನುವುದು ಬರವಣಿಗೆಯಲ್ಲೇ ಗೊತ್ತಾಗುತ್ತಿತ್ತು. ಅವಸರವಿಲ್ಲ, ಯಾರಿಗೂ ಅಡ್ಡ ಮಾತಿಲ್ಲ. ಊರಿಗೆ ಹೊಸಬರು ಯಾರು ಬಂದರೂ ಇವನ ದೋಣಿ ಹತ್ತಿಯೇ ಬರಬೇಕು, ಇವನು ದಾರಿಯುದ್ದಕ್ಕೂ ಊರಿನ ಕಥೆ ಹೇಳಿ ನಗಿಸಿ ದಡ ಮುಟ್ಟಿಸುತ್ತಿದ್ದ. ಇವನ ಸಾಲು ಬಂದರೆ ಅವಳು ಚಕ್ರ ನಿಲ್ಲಿಸಿ ಓದುತ್ತಿದ್ದಳು. ಅವನೆಂದರೆ ಅವಳಿಗೆ ಅಷ್ಟು ಅಕ್ಕರೆ.

ಅಕ್ಕರೆ ಇದ್ದರೂ ನಿಯಮ ನಿಯಮವೇ. ಒಂದು ದಿನ ಅವನು ಗುಂಪಿನಲ್ಲಿ, "ಬೆಳಗ್ಗೆಯಿಂದ ಯಾಕೋ ತಲೆ ಸುತ್ತು ಕಣ್ರಪ್ಪಾ, ಮಗಳೂ ಕೆಲಸಕ್ಕೆ ಹೋಗಿದ್ದಾಳೆ, ಇವತ್ತು ಬರೆಯೋಕಾಗಲ್ಲ" ಅಂತ ಹಾಕಿಬಿಟ್ಟ. ಅವಳು ಆ ಮಾತು ಅಳಿಸಿದಳು, ಮೂರು ದಿನದ ಮೌನವಾಸ ಕೊಟ್ಟಳು, ಖಾಸಗಿಯಾಗಿ ಒಂದು ಸಾಲೂ ಬರೆದಳು. "ತಲೆ ಸುತ್ತಿದರೆ ದೋಣಿಗಾರನಿಗೆ ಸುತ್ತಲಿ. ಏನು ಹೇಳೋದಿದ್ರೂ ಅವನ ಬಾಯಲ್ಲೇ ಹೇಳಿ."

"ಅಪ್ಪಣೆ, ಒಡತಿ" ಅಂತ ಉತ್ತರ ಬಂತು. ನೋಡಿ, ಅವಳಿಗೆ ಆಗ ಎಷ್ಟು ಸಂತೋಷವಾಯಿತು! ಮನೆಯಲ್ಲಿ ಒಂದು ಲೋಟ ಜಾಗ ಬದಲಿಸಿದರೂ ಆಕ್ಷೇಪ ಕೇಳುವವಳಿಗೆ, ಹಿರಿಯ ಮನುಷ್ಯನೊಬ್ಬ ಮರುಮಾತಿಲ್ಲದೆ ತಲೆಬಾಗಿದ್ದ.

ಅದಾಗಿ ವಾರಕ್ಕೆ, ಮಂಗಳವಾರ ಬೆಳಗ್ಗೆ ಹನ್ನೊಂದೂ ಮುಕ್ಕಾಲು. ಅವಳು ಒಂದು ದಪ್ಪ ಗಾಜನ್ನು ಚಕ್ರಕ್ಕೆ ಹಿಡಿದಿದ್ದಳು. ಪಕ್ಕದಲ್ಲಿ ಇನ್ನೊಂದು ಗುಂಪಿನವರು ಕೇಳಿದ್ದ ಬರಹ ಅರ್ಧಕ್ಕೆ ನಿಂತಿತ್ತು. ಇಂಥ ಗುಂಪು ನಡೆಸುವ ನಾಯಕರಿಗೆ ಏನೇನು ಗುಣ ಇರಬೇಕು, ಅನುಭವಸ್ಥರು ನೀವು, ನಾಲ್ಕು ಮಾತು ಬರೆದುಕೊಡಿ ಅಂದಿದ್ದರು. ಆಗ ಫೋನ್ ಗುಣುಗಿತು.

ದೋಣಿಗಾರ ಬರೆದಿದ್ದ. "ಬಲಗೈ ಮಾತು ಕೇಳ್ತಿಲ್ಲ. ಹುಟ್ಟು ಕೈಜಾರಿ ಹೋಯ್ತು. ದಡದಲ್ಲಿ ಯಾರಾದ್ರೂ ಇದ್ದೀರಾ?"

ಊರಿಗೆ ಊರೇ ಎದ್ದು ಬಂತು. ಮದ್ದಿನಜ್ಜಿ ಸೊಪ್ಪು ಅರೆಯಲು ಕೂತಳು. ಕಳ್ಳ, "ಮೊದಲು ಹುಟ್ಟು ಕದ್ಕೊಂಡು ಬರ್ತೀನಿ, ಆಮೇಲೆ ನಿನ್ನ ನೋಡ್ತೀನಿ" ಅಂದ. ಹದಿನೇಳು ಜನ ಚಪ್ಪಾಳೆ, ಹೂವಿನ ಚಿತ್ರ ಕಳಿಸಿದರು. ಎಂಥ ಸನ್ನಿವೇಶ, ಮೈ ಜುಮ್ಮೆಂದಿತು ಅಂದರು.

ಎರಡನೆಯದು ಬಂತು. "ಬಾಗಿಲ ತನಕ ಹೋಗೋಕಾಗ್ತಿಲ್ಲ. ಯಾರಾದ್ರೂ ಬನ್ನಿ."

ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವವಳು, ತಪ್ಪು ತಕ್ಷಣ ಸಿಕ್ಕಿತು. ಖಾಸಗಿಯಾಗಿ ಬರೆದಳು. "ದೋಣಿಗೆ ಬಾಗಿಲು ಎಲ್ಲಿಂದ ಬಂತು? ಚೆನ್ನಾಗಿ ಬರ್ತಿದೆ, ಹಾಳು ಮಾಡ್ಕೋಬೇಡಿ. ತಿದ್ದಿ."

ಆರು ನಿಮಿಷ ಏನೂ ಇಲ್ಲ. ಆಮೇಲೆ ಆ ಸಾಲು ಬದಲಾಯಿತು. "ದಡದ ತನಕ ಹೋಗೋಕಾಗ್ತಿಲ್ಲ. ಯಾರಾದ್ರೂ ಬನ್ನಿ." ಪಕ್ಕದಲ್ಲಿ 'ತಿದ್ದಲಾಗಿದೆ' ಅನ್ನುವ ಸಣ್ಣ ಅಕ್ಷರ. ಅವಳಿಗೆ ಖಾಸಗಿಯಾಗಿ ಒಂದೇ ಪದ, "ಅಪ್ಪಣೆ".

ಅಲ್ಲಿಗೆ ಮುಗಿಯಿತು. ಮರುದಿನ ದೋಣಿಗಾರ ಬರಲಿಲ್ಲ. ಮುನಿಸಿಕೊಂಡಿರಬೇಕು, ಎರಡು ದಿನ ಬಿಟ್ಟರೆ ಸರಿಹೋಗುತ್ತಾನೆ ಅಂದುಕೊಂಡಳು. ಅಷ್ಟರಲ್ಲಿ ಬರಹ ಮುಗಿಸಿ ಕಳಿಸಿದ್ದೂ ಆಯಿತು. ನಾಯಕರಾದವರು ಪ್ರತಿಯೊಬ್ಬರ ಸಾಲನ್ನೂ ಗಮನವಿಟ್ಟು ಓದಬೇಕು, ತಪ್ಪಿದ್ದರೆ ಆ ಕ್ಷಣವೇ ಮೆತ್ತಗೆ ತಿದ್ದಬೇಕು, ತಿದ್ದಿದರೆ ಸನ್ನಿವೇಶ ಎಷ್ಟು ಚಂದವಾಗುತ್ತದೆ ಅನ್ನುವುದಕ್ಕೆ ನಮ್ಮ ದೋಣಿಗಾರರ ಮೊನ್ನೆಯ ಸಾಲೇ ಸಾಕ್ಷಿ ಅಂತ ಬರೆದಿದ್ದಳು. ಓದಿದವರೆಲ್ಲ ಹೊಗಳಿದರು.

ಗುರುವಾರ ಮಧ್ಯಾಹ್ನ ಮಾಲೀಕ ಅವಳನ್ನು ಮುಂದಕ್ಕೆ ಕರೆದ. ಕುರ್ಚಿಯಲ್ಲಿ ಒಬ್ಬ ಮುದುಕ, ಪಕ್ಕದಲ್ಲಿ ಅವನ ಹೆಂಡತಿ. ಮುದುಕನ ಮುಖದ ಬಲಭಾಗ ಇಳಿಬಿದ್ದಿತ್ತು, ಕನ್ನಡಕ ಆ ಕಡೆಗೇ ಜಾರುತ್ತಿತ್ತು. ಅವಳು ಕಡ್ಡಿ ಬಿಸಿಮಾಡಿ, ಅವನ ಕಿವಿಯ ಹಿಂದೆ ಅಳತೆ ನೋಡಿ ಬಗ್ಗಿಸಿದಳು. ಸುಮ್ಮನಿರಲಾರದೆ, "ಹೇಗಾಯ್ತು ಅಜ್ಜಿ ಇದು?" ಅಂತ ಕೇಳಿದಳು.

"ಏನ್ ಹೇಳ್ಲಿ ಮಗಾ, ಹೋದ ವರ್ಷ ಲಕ್ವ ಹೊಡೀತು. ಚೆನ್ನಾಗೇ ಪೇಪರ್ ಓದ್ತಾ ಕೂತಿದ್ರು. ಪೇಪರ್ ಕೈಜಾರಿ ಬಿತ್ತು. ಬಲಗೈ ಮಾತೇ ಕೇಳ್ತಿಲ್ಲ ಕಣೇ ಅಂದ್ರು. ನಾನಿದ್ದೆ, ಅದಕ್ಕೇ ಇಷ್ಟಾದ್ರೂ ಉಳೀತು."

ಅವಳಿಗೆ ದೋಣಿಗಾರನ ಮಂಗಳವಾರದ ಸಾಲು ನೆನಪಾಯಿತು. ಬಿಸಿ ಕಡ್ಡಿ ಬೆರಳಿಗೆ ಅಂಟಿದ್ದೂ ಗೊತ್ತಾಗಲಿಲ್ಲ. ದೋಣಿಗೆ ಬಾಗಿಲಿರುವುದಿಲ್ಲ. ಮನೆಗೆ ಇರುತ್ತದೆ. ಅವನು ಕರೆದದ್ದು ಮನೆಯೊಳಗಿಂದ.

ಒಳಗೆ ಓಡಿದಳು. "ಹೇಗಿದ್ದೀರಿ?" ಅಂತ ಕಳಿಸಿದಳು. ಹೋಯಿತು ಅನ್ನುವ ಒಂದು ಗೆರೆ ಬಿತ್ತು, ತಲುಪಿತು ಅನ್ನುವ ಎರಡನೆಯದು ಬೀಳಲಿಲ್ಲ. ಅವನ ಫೋನು ಸತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಅಂದೇ ಮೊದಲ ಸಲ ತಾನೇ ಮುಖವಾಡ ಕಳಚಿ ಗುಂಪಿನಲ್ಲಿ ಬರೆದಳು. "ಇದು ಆಟ ಅಲ್ಲ. ದೋಣಿಗಾರರು ಯಾರು, ಎಲ್ಲಿರ್ತಾರೆ, ಯಾರಿಗಾದ್ರೂ ಗೊತ್ತಾ?"

ಮೂರು ಜನ ಚಪ್ಪಾಳೆ ಕಳಿಸಿದರು. ಒಬ್ಬ, "ಒಡತಿಯ ಕಣ್ಣಲ್ಲಿ ನೀರೇ? ಆಹಾ, ಮುಂದುವರಿಸಿ" ಅಂದ. ನಿಜ, ನಿಜ, ನಿಜ ಅಂತ ಅವಳು ಮೂರು ಸಲ ಬರೆಯಬೇಕಾಯಿತು. ಆಮೇಲೆ ಎಲ್ಲರೂ ತಲೆಕೆಡಿಸಿಕೊಂಡು ನೆನಪು ಕೆದಕಿದರು. ಅವನ ಕಿಟಕಿಯಾಚೆ ರೈಲು ಹೋಗುತ್ತದೆ ಅಂತ ಕಳ್ಳನಿಗೆ ಗೊತ್ತಿತ್ತು. ಹೆಂಡತಿ ಇಲ್ಲ ಅನ್ನುವುದು ಮದ್ದಿನಜ್ಜಿಯ ಊಹೆ. ಒಬ್ಬಳು ಹೊಸ ಹುಡುಗಿ ತಡೆದು ತಡೆದು ಬರೆದಳು, "ಅವರು ಒಂದ್ಸಲ ನಂಗೆ ಹೆಸರು ಹೇಳೋಕೆ ಬಂದ್ರು. ನಿಯಮ ಇದೆ ಅಂತ ನಾನೇ ಬೇಡ ಅಂದೆ." ಅವಳು ಬಹಳ ಒಳ್ಳೆಯ ಸದಸ್ಯೆ ಅಂತ ಒಡತಿ ಹೋದ ತಿಂಗಳಷ್ಟೇ ಹೊಗಳಿದ್ದಳು.

ಅರ್ಧ ದಿನ ರಜೆ ಕೇಳಿ ಪೊಲೀಸ್ ಠಾಣೆಗೆ ಹೋದಳು. ದಪ್ಪ ಪುಸ್ತಕ ತೆರೆದು ಪೊಲೀಸಿನವನು ಪೆನ್ನು ಹಿಡಿದ.

"ಕಾಣೆಯಾದವರ ಹೆಸರು?"

"ಗೊತ್ತಿಲ್ಲ."

"ನಿಮಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ. ದೋಣಿ ನಡೆಸ್ತಾರೆ."

"ಎಲ್ಲಿ?"

"ಫೋನಲ್ಲಿ."

ಪೊಲೀಸಿನವನು ಪೆನ್ನಿನ ಮುಚ್ಚಳ ಹಾಕಿದ. ಕೆಟ್ಟವನೇನಲ್ಲ, ನಗಲಿಲ್ಲ, ನೀರು ತರಿಸಿಕೊಟ್ಟ. "ನೋಡಮ್ಮಾ, ದಾರ ಬಿಡಿಸ್ಬೇಕು ಅಂದ್ರೆ ಒಂದು ತುದಿಯಾದ್ರೂ ಸಿಗ್ಬೇಕು. ನೀವು ಬರೀ ಗಂಟು ತಂದಿದ್ದೀರ. ರೈಲು ಹೋಗೋ ಕಿಟಕಿ ಈ ಭೂಮಿ ಮೇಲೆ ಎಷ್ಟಿಲ್ಲ?" ಅಂದ. ಆಟದ ಆ್ಯಪ್ ನಡೆಸುವವರಿಗೆ ಬರೆದಳು. ಸದಸ್ಯರ ಗುಟ್ಟು ಕಾಪಾಡುವುದು ನಮ್ಮ ಧರ್ಮ ಅಂತ ಯಂತ್ರದ ಉತ್ತರ ಬಂತು. ಓದಿ ಸಿಟ್ಟೂ ಬರಲಿಲ್ಲ, ಅದು ಅವಳದೇ ನಿಯಮವಲ್ಲವೇ?

ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ದಿನಗಳು ಹೋದವು. ಒಂದು ದಿನ ತಟ್ಟೆ ಮುಂದೆ ಕೂತು ಅತ್ತೇಬಿಟ್ಟಳು. ಗಂಡ ಎಲ್ಲ ಕೇಳಿ, "ಅಲ್ಲ ಕಣೇ, ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಯಾರೋ ಏನೋ. ಅದಕ್ಯಾಕೆ ಇಷ್ಟು ಹಚ್ಕೊಂಡಿದ್ದೀಯ?" ಅಂದ. ಅತ್ತೆ ಮಾತ್ರ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅವಳನ್ನೇ ನೋಡಿದರು.

"ಮೂರು ವರ್ಷ ದಿನಾ ಮಾತಾಡಿದ್ದೀಯ. ಒಂದಿನಾನೂ ಊಟ ಆಯ್ತಾ ಅಂತ ಕೇಳ್ಲಿಲ್ವೇನೇ?"

ಅವಳು ಕೇಳಿರಲಿಲ್ಲ. ಯಾರೂ ಕೇಳಬಾರದು ಅಂತ ಬರೆದಿಟ್ಟವಳೇ ಅವಳು.

ಹನ್ನೆರಡನೆಯ ದಿನ, ಅವಳು ಗಾಜು ಉಜ್ಜುತ್ತಿದ್ದಾಗ, ಎರಡನೆಯ ಗೆರೆ ಬಿತ್ತು. ದೋಣಿಗಾರ ಬರೆಯುತ್ತಿದ್ದಾನೆ ಅಂತ ತೋರಿಸಿತು. ಅವಳು ಕೈಯಲ್ಲಿದ್ದ ಗಾಜು ಬಿಟ್ಟೇಬಿಟ್ಟಳು, ಅದು ನೆಲಕ್ಕೆ ಬಿದ್ದು ಎರಡಾಯಿತು. ಬದುಕಿದ್ದಾನೆ, ಬದುಕಿದ್ದಾನೆ ಅಂತ ಜೋರಾಗಿಯೇ ಅಂದಳು.

"ನಾನು ಅವರ ಮಗಳು" ಅಂತ ಬಂತು. "ಫೋನ್ ಇವತ್ತು ಚಾರ್ಜ್ ಮಾಡಿ ನೋಡಿದೆ. ಒಡತಿ ಅಂದ್ರೆ ನೀವೇನಾ?"

"ಹೌದು. ಹೇಗಿದ್ದಾರೆ?"

"ಆಸ್ಪತ್ರೆಯಲ್ಲಿದ್ದಾರೆ. ನಾನು ಕೆಲಸದಿಂದ ಬಂದಿದ್ದು ಸಂಜೆ ಆರಕ್ಕೆ. ಬಾಗಿಲಿಗೆ ಎರಡು ಮಾರು ದೂರದಲ್ಲಿ ಬಿದ್ದಿದ್ರು. ಮೊದಲ ಮೂರ್ನಾಲ್ಕು ಗಂಟೆಯಲ್ಲಿ ತಂದಿದ್ರೆ ಬೇರೆ ಮಾತು ಅಂದ್ರು ಡಾಕ್ಟ್ರು. ಆ ಹೊತ್ತಲ್ಲಿ ನಂಗ್ಯಾಕೆ ಫೋನ್ ಮಾಡ್ಲಿಲ್ಲ ಅಂತ ಇಷ್ಟು ದಿನ ಕೊರಗ್ತಿದ್ದೆ. ಈಗ ಓದಿದೆ. ನಲವತ್ತು ಜನ ಇದ್ದೀರಲ್ಲ, ಇಲ್ಲೇ ಕರೆದಿದ್ದಾರೆ. ಹೂವು ಕಳಿಸಿದ್ದೀರಿ."

ಅವಳು ಕ್ಷಮಿಸಿ ಅಂತ ಬರೆದಳು, ಅಳಿಸಿದಳು. ನಿಯಮ ಯಾಕೆ ಬಂತು ಅಂತ ವಿವರಿಸಲು ಹೊರಟಳು, ಅದನ್ನೂ ಅಳಿಸಿದಳು. ಮಗಳು ಕಾಯಲಿಲ್ಲ.

"ನಿಮ್ಮನ್ನ ಬೈಯೋಕೆ ಬರೀತಿಲ್ಲ, ನಂಗೆ ಒಂದು ವಿಷಯ ಗೊತ್ತಾಗ್ಬೇಕು. ಮಾತು ಪೂರ್ತಿ ಹೋಗಿದೆ ಅವರಿಗೆ. ಒಂದೇ ಒಂದು ಪದ ಉಳಿದಿದೆ. ನೀರು ಬೇಕಾ ಅಂದ್ರೂ ಅದೇ, ನೋಯ್ತಿದೆಯಾ ಅಂದ್ರೂ ಅದೇ, ನಾನ್ಯಾರು ಹೇಳಿ ಅಪ್ಪ ಅಂದ್ರೂ ಅದೇ. ಅಪ್ಪಣೆ, ಅಪ್ಪಣೆ ಅಂತಾರೆ. ನಮ್ಮನೇಲಿ ಯಾರೂ ಈ ಮಾತು ಆಡಲ್ಲ. ನಿಮಗೆ ಬರೆದ ಕೊನೆ ಮಾತೂ ಅದೇ. ಏನು ಹೇಳೋಕೆ ಹೊರಟಿದ್ದಾರೆ ನಮ್ಮಪ್ಪ?"

ಹೊರಗಿನಿಂದ ಮಾಲೀಕ, "ಏನಮ್ಮಾ, ಆಯ್ತಾ?" ಅಂತ ಕೂಗಿದ. ಚಕ್ರ ತಾನಾಗಿ ತಿರುಗುತ್ತಲೇ ಇತ್ತು. ನಲವತ್ತೆರಡು ಜನರ ಊರು ಆಳಿದವಳಿಗೆ, ಇದ್ದದ್ದು ಇದ್ದ ಹಾಗೆ ಹೇಳುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಒಂದೊಂದೇ ಅಕ್ಷರ ಒತ್ತಿದಳು.

"ನನಗೆ ಹೇಳ್ತಿದ್ದಾರೆ. ಸರಿ, ತಿದ್ತೀನಿ ಅಂತ."

ಮಗಳು ಅದನ್ನು ಓದಿದಳು ಅಂತ ಫೋನು ತೋರಿಸಿತು. ಅವಳು ಟೇಬಲ್ಲಿನ ಮುಂದೆ ಕೂತು ಕಾದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು, ಅದು ಯಾರೂ ಬರೆದದ್ದಲ್ಲ, ಆ್ಯಪ್ ತಾನೇ ತೋರಿಸುವಂಥದ್ದು. ದೋಣಿಗಾರ ಗುಂಪು ಬಿಟ್ಟಿದ್ದಾರೆ, ಇನ್ನು ಅವರಿಗೆ ಬರೆಯಲಾಗದು. ಅವನ ನಿಜವಾದ ಹೆಸರು ಕೇಳಬೇಕು ಅಂತ ಅವಳಿಗೆ ಹೊಳೆದದ್ದು ಆಗ.