ಮುಂದಕ್ಕೆ ಬರೆದ ಗಂಟೆಗಳು

ಬೈಯುವವರು ಬೈಯಲಿ, ನನ್ನ ವೇಳಾಪಟ್ಟಿಯಲ್ಲಿ ಒಂದು ನಿಮಿಷವೂ ಪೋಲಾಗಿರಲಿಲ್ಲ. ಲೆಕ್ಕಪರಿಶೋಧಕರ ಪರವಾನಗಿಗೆ ನಾಲ್ಕು ಪತ್ರಿಕೆ. ಮೂರು ಪಾಸಾಗಿದ್ದವು. ನಾಲ್ಕನೆಯದು ಆರು ತಿಂಗಳಲ್ಲಿ ಮುಗಿಯದಿದ್ದರೆ, ಮೊದಲು ಪಾಸಾದ ಪತ್ರಿಕೆ ಅವಧಿ ಮೀರಿ ರದ್ದು. ಮೂವತ್ತೆಂಟರ ವಯಸ್ಸಿನಲ್ಲಿ, ಹಗಲಿಡೀ ಆಫೀಸಿನಲ್ಲಿ ದುಡಿದು, ಅದನ್ನೆಲ್ಲ ಇನ್ನೊಂದು ಸಲ ಓದುವ ತ್ರಾಣ ನನಗಿರಲಿಲ್ಲ.

ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು.

ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಮನೆಯಲ್ಲೂ ಬಾಯಿಗೆ ಬಿಡುವಿಲ್ಲ. ಸ್ನಾನಕ್ಕೆ ನೀರು ಕಾದಿದೆ ಎನ್ನುವುದನ್ನೂ ಬೀದಿಗೆಲ್ಲ ಸಾರುತ್ತಿದ್ದ. ಕೈಕಾಲು ಹದಿನೈದು ದಿನಕ್ಕೆ ಸರಿಹೋದವು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು; ತಾನು ಹೇಳಹೋದರೆ ತುಟಿ ಅಲುಗಿ, ಮುಖ ಕೆಂಪೇರಿ, ಕೊನೆಗೊಂದು 'ಹ್ಞೂಂ' ಹೊರಡುತ್ತಿತ್ತು.

ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಮೇಡಂ ಚಿತ್ರದ ಕಾರ್ಡುಗಳ ಕಟ್ಟೊಂದನ್ನು ಕೊಟ್ಟರು. "ದಿನಾ ಒಂದು ಗಂಟೆ ಜೊತೆಗೆ ಕೂತು ಹೇಳಿಸ್ಬೇಕು. ಬರೋದೆಲ್ಲ ಹೆಚ್ಚಾಗಿ ಈ ಮೊದಲ ತಿಂಗಳುಗಳಲ್ಲೇ ಬರೋದು. ಆಮೇಲೆ ಕಷ್ಟ."

ಮನೆಯಲ್ಲಿದ್ದ ಇನ್ನೊಬ್ಬಳು ಸೋದರತ್ತೆ. ಅವಳಿಗೋ ಕಿವಿ ಮಂದ, ಅಪ್ಪ ಸರಿಯಾಗಿ ಅಂದನೋ ಇಲ್ಲವೋ ಅವಳಿಗೆ ಹೇಗೆ ತಿಳಿಯಬೇಕು? ಹಾಗಾಗಿ ನಾನೇ ಪಟ್ಟಿಯಲ್ಲಿ ಬರೆದುಕೊಂಡೆ: ಸಂಜೆ ಆರರಿಂದ ಏಳು, ಅಪ್ಪ.

"ಅಯ್ಯೋ ನಿನ್ನ! ಹೆತ್ತಪ್ಪನಿಗೂ ಖಾನೆ ಹಾಕಿದ್ಯೇನೇ?" ಅತ್ತೆ ಗದರಿದಳು.

"ಹಾಕದಿದ್ರೆ ಅದೂ ಸಿಗಲ್ಲ!" ಎಂದು ಅವಳ ಕಿವಿಗೆ ಕೂಗಿದೆ.

ಮೊದಲ ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪ 'ನೀರು' ಅಂದ, 'ಬಾ' ಅಂದ. ಒಂದು ಸಂಜೆ ಕಾರ್ಡು ನೋಡಿ 'ಕೊಡೆ' ಅಂದವನೇ ತೊಡೆ ತಟ್ಟಿಕೊಂಡು ನಕ್ಕ. ಒಟ್ಟು ಹನ್ನೊಂದು ಮಾತು.

ಆಮೇಲೆ ಅಣಕು ಪರೀಕ್ಷೆ ಬರೆದೆ. ಬೇಕಿದ್ದದ್ದು ಎಪ್ಪತ್ತೈದು, ಬಂದದ್ದು ಐವತ್ತೆರಡು. ಎಲ್ಲಿ ಕತ್ತರಿಸುವುದು? ಆಫೀಸು ಬಿಡುವಂತಿಲ್ಲ, ನಿದ್ದೆ ಆಗಲೇ ಐದು ಗಂಟೆಗಿಳಿದಿತ್ತು. ಇಡೀ ಪಟ್ಟಿಯಲ್ಲಿ ತಕರಾರು ಮಾಡದ ಖಾನೆ ಒಂದೇ ಒಂದು. ಅಪ್ಪನ ಗಂಟೆಯನ್ನು ಒಂದು ತಿಂಗಳು ಅರ್ಧ ಮಾಡಿದೆ, ನಂತರದ ಮೂರು ತಿಂಗಳು ಕಾಲು.

ಕಡಿದದ್ದನ್ನು ಬಿಸಾಡಲಿಲ್ಲ, ಅಷ್ಟು ಕಟುಕಿ ನಾನಲ್ಲ. ಕೊನೆಯ ಹಾಳೆಯಲ್ಲಿ 'ಅಪ್ಪನಿಗೆ ಬಾಕಿ' ಎಂದು ಬರೆದು, ವಾರದ ಮೊತ್ತವನ್ನು ಮುಂದಕ್ಕೆ ಒಯ್ಯುತ್ತಾ ಬಂದೆ. ಹದಿನೈದು ವರ್ಷ ಮಾಡಿದ ಕೆಲಸವೇ ಅದು. ಕೈ ತಾನಾಗಿ ಬರೆಯುತ್ತಿತ್ತು, ತಾಳೆಯೂ ಆಗುತ್ತಿತ್ತು.

"ಅಪ್ಪಾ, ಪರೀಕ್ಷೆ ಮುಗೀಲಿ, ದಿನಾ ಎರಡೆರಡು ಗಂಟೆ ಕೂರೋಣ. ಆಗ್ಬಹುದಾ?" ಎಂದು ಕೇಳಿದಾಗ ಅವನು ನನ್ನ ತಲೆ ಸವರಿದ. ಬೈದಿದ್ದರೆ ಚೆನ್ನಾಗಿತ್ತು.

ಪಾಸಾದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಎಪ್ಪತ್ತೊಂಬತ್ತು.

ಆದರೆ ಫಲಿತಾಂಶಕ್ಕೂ ಮೊದಲು, ಪರೀಕ್ಷೆಯ ಮರುದಿನ, ಮೇಡಂ ಬಂದು ಅಪ್ಪನಿಗೆ ಕಾರ್ಡುಗಳನ್ನೆಲ್ಲ ತೋರಿಸಿದರು. ಹನ್ನೊಂದರಲ್ಲಿ ನಾಲ್ಕು ಮಾತು ಉಳಿದಿದ್ದವು. ಹೊಸದು ಒಂದೂ ಇಲ್ಲ.

"ಇವತ್ತಿಂದ ದಿನಾ ಎರಡು ಗಂಟೆ ಕೂರ್ತೀನಿ ಮೇಡಂ. ಎಂಬತ್ತೆರಡೂವರೆ ಗಂಟೆ ಬಾಕಿ ಇದೆ, ಎಲ್ಲಾ ಬರೆದಿಟ್ಟಿದೀನಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಕೂತ್ಕೊಳ್ಳಿ, ಒಳ್ಳೇದೇ. ಆದ್ರೆ ಆಗಿನ ಗಂಟೆಯಲ್ಲಿ ಆಗ್ತಿದ್ದದ್ದು ಈಗ ಆಗಲ್ಲಮ್ಮ."

ಸಂಜೆ ಆರಕ್ಕೆ ಕಾರ್ಡು ಹಿಡಿದು ಕೂತೆ. ಒಂದೊಂದಕ್ಕೂ ಅಪ್ಪ ಹೆಣಗಿದ, ಬೆವರಿದ. ಆರೂಕಾಲಾಯಿತು. ಅವನು ಗೋಡೆಯ ಗಡಿಯಾರ ನೋಡಿ, ಕಾರ್ಡುಗಳನ್ನು ಒಟ್ಟುಮಾಡಿ, ರಬ್ಬರ್ ಹಾಕಿ ನನ್ನ ಕೈಗಿಟ್ಟ. ಮೂರು ಸಲ ಪರೀಕ್ಷೆ ಬರೆದು ಮತ್ತೆ ಓದಲು ಕೂತವಳು ನಾನು. ಇನ್ನೂ ಒಂದಿದೆ ಎಂದುಕೊಂಡನೋ ಏನೋ. ಇನ್ನು ಓದುವುದೇನೂ ಇಲ್ಲ ಅಪ್ಪಾ ಎನ್ನಬೇಕಿತ್ತು; ಕಾರ್ಡಿನ ಕಟ್ಟು ಹಿಡಿದು ಎದ್ದು ನಿಂತೆ. ಅವನು ನನ್ನ ಭುಜ ಹಿಡಿದು ಕೋಣೆಗೆ ಕರೆತಂದು, ಮೇಜಿನ ಮುಂದೆ ಕೂರಿಸಿ, ಹೊರಗೆ ಹೋಗಿ ಸದ್ದಾಗದಂತೆ ಬಾಗಿಲು ಎಳೆದುಕೊಂಡ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದೆ.

"ಅಳ್ತಿದ್ದಾಳೇನೋ ಅವಳು?" ಕೋಣೆಗೆ ಬರುವಾಗ ನನ್ನ ಮುಖ ನೋಡಿದ್ದ ಅತ್ತೆ ಹೊರಗೆ ಎಂದಿನಂತೆ ಜೋರಾಗಿ ಕೇಳಿದಳು.

"ಶ್‌ಶ್," ಎಂದ ಅಪ್ಪ.