ಒಂದು ವಿಡಿಯೊಗೆ ಎಷ್ಟು ತಲೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೊ ಎಂದೇ. ಬೆಳಿಗ್ಗೆ ಕ್ಷೌರದಂಗಡಿಯ ಬಾಗಿಲು ತೆರೆದಾಗ ಶುರುವಾದ ಮಾತು ಸಂಜೆ ಬೀಗ ಜಡಿಯುವವರೆಗೂ ನಿಲ್ಲುತ್ತಿರಲಿಲ್ಲ. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾವ ಡಾಕ್ಟರು ಚುಚ್ಚಿದರೆ ಸೂಜಿ ನೋಯುವುದಿಲ್ಲ, ಗಂಡಸರ ಕೂದಲು ಯಾಕೆ ಉದುರುತ್ತದೆ, ಅದಕ್ಕೆ ಹೆಂಡತಿಯನ್ನು ದೂರುವುದು ಯಾಕೆ ತಪ್ಪು, ಎಲ್ಲವೂ ಕತ್ತರಿಯ ಕಚಕಚದ ಜೊತೆಗೇ ಹರಿದುಬರುತ್ತಿತ್ತು. ತಲೆ ಮುಗಿದರೂ ಕತೆ ಮುಗಿದಿಲ್ಲವೆಂದು ಕುರ್ಚಿಯಲ್ಲೇ ಕೂತು, ಗಡ್ಡವನ್ನೂ ಮಾಡಿಸಿಕೊಂಡು ಹೋದವರುಂಟು.

ಅಂಥವನು ಇವತ್ತು ಮಧ್ಯಾಹ್ನದಿಂದ ಗರ ಬಡಿದವನಂತೆ ನಿಂತಿದ್ದ.

ಎಲ್ಲಕ್ಕೂ ಕಾರಣ ಅವನ ಮಂಡಿಗಳು. ಮೀಸೆ ಮೂಡುವ ಮೊದಲಿನಿಂದ ಆ ಕುರ್ಚಿಯ ಸುತ್ತ ನಿಂತೇ ದುಡಿದ ಮಂಡಿಗಳು ಈಗ ಹೇಳಿದ ಮಾತು ಕೇಳುತ್ತಿರಲಿಲ್ಲ. ಸಂಜೆಯಾದರೆ ಊದಿಕೊಂಡು, ಮನೆಯ ಮೆಟ್ಟಿಲು ಹತ್ತುವಾಗ ಅವನಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದವು. ಹೀಗೇ ನಿಂತುಕೊಂಡಿದ್ದರೆ ಮುಂದೆ ಕೂರುವುದಕ್ಕೂ ಇನ್ನೊಬ್ಬರು ಬೇಕಾಗುತ್ತಾರೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ, ಊರಾಚೆಯ ಕ್ಷೌರ ಕಲಿಸುವ ಶಾಲೆಯಲ್ಲಿ ಮೇಷ್ಟ್ರ ಕೆಲಸ ಖಾಲಿ ಇದೆಯೆಂಬ ಸುದ್ದಿಯನ್ನು ಹೆಂಡತಿ ಹೊತ್ತು ತಂದಳು. ಅಲ್ಲಿ ನಿಲ್ಲುವವರು ಕಲಿಯುವವರು, ಮೇಷ್ಟ್ರಿಗೆ ಕುರ್ಚಿ. ರೇಡಿಯೊಗೆ ರಾತ್ರಿ ಕನಸಿನಲ್ಲಿ ಆ ಕುರ್ಚಿ ಬರತೊಡಗಿತು, ಕೈಗಳ ಸಮೇತ, ಮೆತ್ತೆಯ ಸಮೇತ.

ಆದರೆ ಶಾಲೆಯವರು ಒಂದು ಷರತ್ತು ಇಟ್ಟಿದ್ದರು. ಒಂದು ತಲೆಗೆ ಕತ್ತರಿ ಆಡಿಸುತ್ತಾ ಪಾಠ ಹೇಳುವ ವಿಡಿಯೊ ಕಳಿಸಬೇಕು. ನಾಳೆ ನಾಡಿದ್ದು ಎಂದು ತಳ್ಳಿ ತಳ್ಳಿ ಕೊನೆಗೆ ಕಡೆಯ ದಿನ ಬಂದು ಎದೆಯ ಮೇಲೆ ಕೂತಿತು. ಸಂಜೆಯೊಳಗೆ ಕಳಿಸದಿದ್ದರೆ ಆ ಕುರ್ಚಿಯಲ್ಲಿ ಇನ್ಯಾರೋ ಕೂರುತ್ತಾರೆ.

ಹಾಗಾಗಿ ಇವತ್ತು ಅಂಗಡಿಗೆ ರಜೆ. ಹೆಂಡತಿಯೂ ತನ್ನ ಗ್ರಂಥಾಲಯದ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ದಿನವೆಲ್ಲ ಅಲ್ಲಿ ಜನರಿಗೆ "ಶ್" ಎನ್ನುವುದು, ಮನೆಗೆ ಬಂದು ಗಂಡನಿಗೆ "ಶ್" ಎನ್ನುವುದು, ಇಷ್ಟರಲ್ಲೇ ಅವಳ ಆಯಸ್ಸು ಕಳೆದಿತ್ತು. ಮದುವೆಗಳಿಗೆ ವಿಡಿಯೊ ಮಾಡುವ ಅವಳ ತಮ್ಮ, ಭುಜಕ್ಕೆ ಇಳಿದ ತನ್ನ ರೇಷ್ಮೆಯಂಥ ಕೂದಲನ್ನು ಹಿಂದಕ್ಕೆ ಸರಿಸುತ್ತಾ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸರಿಯಾಗಿ ಕನ್ನಡಿಯ ಮುಂದೆ ನಿಲ್ಲಿಸಿದ.

"ಭಾವ, ಈ ಲೆನ್ಸ್ ನೋಡ್ಕೊಂಡು ಮಾತಾಡಿ. ಇದನ್ನ ನಿಮ್ಮ ಸ್ನೇಹಿತ ಅಂದ್ಕೊಳ್ಳಿ."

"ನನ್ನ ಸ್ನೇಹಿತರಿಗೆಲ್ಲ ತಲೆ ಅಂತ ಒಂದು ಇರುತ್ತಪ್ಪಾ," ಎಂದ ರೇಡಿಯೊ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ.

ಮೊದಲ ತಲೆ ಎದುರಂಗಡಿಯ ಚಪ್ಪಲಿಯವನದು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ರೇಡಿಯೊ "ನಮಸ್ಕಾರ, ನಾನು" ಎಂದ. ಆಮೇಲೆ ತಾನು ಯಾರೆಂದು ನೆನಪಾಗದೆ ಹೆಂಡತಿಯ ಮುಖ ನೋಡಿದ.

"ನನ್ನನ್ನ ನೋಡಿದ್ರೆ? ಆ ಹೆಸರು ನಾನಿಟ್ಟಿದ್ದಾ? ನಿಮ್ಮಮ್ಮನ್ನ ಕೇಳ್ಬೇಕು," ಎಂದಳು ಹೆಂಡತಿ.

ಬಾಯಿ ಕಟ್ಟಿತ್ತೇ ಹೊರತು ಕೈ ಕಟ್ಟಿರಲಿಲ್ಲ. ಕತ್ತರಿ ತನ್ನ ಪಾಡಿಗೆ ತಾನು ಓಡಿತು. ಒಂದು ಮಾತೂ ಇಲ್ಲದೆ ಚಪ್ಪಲಿಯವನ ತಲೆ ಅಚ್ಚುಕಟ್ಟಾಗಿ ಮುಗಿಯಿತು. ಅವನು ಕನ್ನಡಿಗೆ ಇಣುಕಿ, "ಇಷ್ಟು ನೆಮ್ಮದಿಯಾಗಿ ನಾನು ಯಾವತ್ತೂ ಕಟಿಂಗ್ ಮಾಡಿಸ್ಕೊಂಡಿರ್ಲಿಲ್ಲ," ಎಂದು ಸಂತೋಷಪಟ್ಟ.

ಮೈದುನನಿಗೆ ಆಗ ತೊಡಕು ಹೊಳೆಯಿತು. "ಅಕ್ಕಾ, ಮದುವೇಲಿ ಉಂಗುರ ತೊಡಿಸಿದ್ದು ಸರಿಯಾಗಿ ಬರ್ಲಿಲ್ಲ ಅಂದ್ರೆ, ತೆಗೆಸಿ ಇನ್ನೊಂದ್ಸಲ ತೊಡಿಸ್ತೀನಿ. ಈ ಕೂದಲನ್ನ ಹೇಗೆ ವಾಪಸ್ ಅಂಟಿಸಲಿ?"

"ಇನ್ನೊಂದು ತಲೆ ತರಬೇಕು," ಎಂದಳು ಅಕ್ಕ, ಅಡುಗೆಗೆ ಉಪ್ಪು ತರುವಷ್ಟು ಸಲೀಸಾಗಿ. ಬೀದಿಗಿಳಿದು, ಮೂಲೆಯಲ್ಲಿ ಕೀಲಿಕೈ ಮಾಡುವವನನ್ನು ಕರೆದುಕೊಂಡು ಬಂದಳು.

ಈ ಸಲ ರೇಡಿಯೊ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ. ಪಾಠವೆಂದ ಮೇಲೆ ಘನವಾಗಿರಬೇಕೆಂದು ಅವನ ಲೆಕ್ಕ. ದೀಪ ಹತ್ತಿದ್ದೇ ಎದೆ ಸೆಟೆಸಿ, "ಕೇಶವು ಮಾನವನ ಶಿರಸ್ಸಿನ ಆಭರಣವಾಗಿದ್ದು," ಎಂದ. ಅಲ್ಲಿಗೆ ನಿಂತ. ಮತ್ತೆ, "ಆಭರಣವಾಗಿದ್ದು," ಎಂದ. ಹಣೆಯಿಂದ ಬೆವರು ಇಳಿದು ಕೀಲಿಕೈಯವನ ಕತ್ತಿನ ಮೇಲೆ ಬಿತ್ತು.

"ಆಗಿದ್ದು ಆಗಿಹೋಯ್ತು, ಮುಂದೆ ಹೇಳಪ್ಪಾ," ಎಂದ ಕೀಲಿಕೈಯವನು ಹೊದಿಕೆಯ ಒಳಗಿಂದ.

ಮಾತು ಅಲ್ಲೇ ಉಳಿಯಿತು, ತಲೆ ಮಾತ್ರ ಮುಗಿಯಿತು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಯವನ ಪಕ್ಕದಲ್ಲಿ ಕೀಲಿಕೈಯವನೂ ಹೋಗಿ ಕೂತ. ಮೂರನೆಯವರು ನಿವೃತ್ತ ಪೋಸ್ಟ್‌ಮ್ಯಾನ್. ಅವರ ತಲೆಯಲ್ಲಿ ಇದ್ದದ್ದೇ ಕಿವಿಗಳ ಸುತ್ತ ಒಂದಿಷ್ಟು. ರೇಡಿಯೊ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅದೂ ಮುಗಿಯಿತು. ವಿಚಿತ್ರವೆಂದರೆ, ದೀಪ ಆರಿದ ಕೂಡಲೇ ಅವನ ಬಾಯಿ ತೆರೆದುಕೊಳ್ಳುತ್ತಿತ್ತು. "ನೋಡಿ, ಆ ದೀಪ ಉರಿದ್ರೆ ಒಳಗೆ ಯಾರೋ ಸಾವಿರ ಜನ ಕೂತು ನನ್ನ ಬಾಯನ್ನೇ ನೋಡ್ತಾ ಇದ್ದಾರೆ ಅನ್ಸುತ್ತೆ, ಒಬ್ಬರದೂ ಮುಖ ಕಾಣಲ್ಲ, ನಗ್ತಿದ್ದಾರೋ ಆಕಳಿಸ್ತಿದ್ದಾರೋ ಗೊತ್ತಾಗಲ್ಲ," ಎಂದು ಉಸಿರು ಬಿಡದೆ ವಿವರಿಸಿದ.

"ಇದನ್ನೇ ದೀಪ ಇದ್ದಾಗ ಹೇಳಿದ್ರೆ ಆಗ್ತಿತ್ತು," ಎಂದಳು ಹೆಂಡತಿ. "ಇಷ್ಟು ವರ್ಷ ಸುಮ್ನಿರಿ ಸುಮ್ನಿರಿ ಅಂತ ಬೇಡ್ಕೊಂಡೆ. ಇವತ್ತು ಮಾತಾಡಿ ಅಂತ ಬೇಡ್ಕೋತಾ ಇದ್ದೀನಿ. ಎರಡಕ್ಕೂ ನೀವು ಬಗ್ಗೋರಲ್ಲ."

ಅವಳು ನಗುತ್ತಲೇ ಹೇಳಿದಳು. ಆದರೆ ಹೇಳುತ್ತಾ ಅವಳ ಕಣ್ಣು ಅವನ ಮಂಡಿಯ ಕಡೆ ಹೋದದ್ದನ್ನು ರೇಡಿಯೊ ಕಂಡ. ಆಗಲೇ ಅವನು ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

ಬೀದಿಯಲ್ಲಿ ತಲೆಗಳು ಸಿಗುವುದು ಕಷ್ಟವಾಯಿತು. ಮೆಟ್ಟಿಲ ಮೇಲೆ ನುಣ್ಣಗೆ ಸಾಲಾಗಿ ಕೂತವರನ್ನು ಕಂಡು, ಬರುತ್ತಿದ್ದವರು ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು. ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುತ್ತಿತ್ತು. ಅಕ್ಕ ನಿಧಾನವಾಗಿ ತಮ್ಮನ ಕಡೆ ತಿರುಗಿದಳು. ತಮ್ಮ ಎರಡೂ ಕೈಯಿಂದ ತನ್ನ ಕೂದಲು ಹಿಡಿದುಕೊಂಡ.

"ಅಕ್ಕಾ, ಬೇಡ. ಇದಕ್ಕೆ ಎಷ್ಟು ವರ್ಷ ಎಣ್ಣೆ ಹಾಕಿದ್ದೀನಿ ಗೊತ್ತಾ?"

"ಕೂತ್ಕೋ."

"ಕ್ಯಾಮೆರಾ ಯಾರು ಹಿಡೀತಾರೆ?"

"ಅದಕ್ಕೆ ಮೂರು ಕಾಲಿದೆ, ನಿಂತ್ಕೊಳ್ಳುತ್ತೆ. ನಿನ್ನ ಭಾವನಿಗೆ ಇರೋದು ಎರಡು. ಎರಡೂ ಕೈಕೊಟ್ಟಿವೆ."

ತಮ್ಮ ಕೂದಲಿನಿಂದ ಕೈ ತೆಗೆದ. ಆದರೆ ಕುರ್ಚಿ ಹತ್ತುವ ಮುಂಚೆ ಒಂದು ಹಟ ಹಿಡಿದ. ತನ್ನ ಕೂದಲಿಗೆ ಏನೇನು ಆಗುತ್ತದೋ ಅದನ್ನೆಲ್ಲ ತಾನು ಕಣ್ಣಾರೆ ನೋಡಬೇಕು. ಕನ್ನಡಿಗೆ ಅಡ್ಡ ಏನೂ ಇರಕೂಡದು. ಹಾಗೆಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಸಮೇತ ಹಿಂದಕ್ಕೊಯ್ದು, ಗಿರಾಕಿಗಳು ಕಾಯುತ್ತಾ ಕೂರುವ ಬೆಂಚಿನ ಮೇಲೆ ಇಟ್ಟು, ಕನ್ನಡಿ ಪೂರ್ತಿ ಕಾಣುವಂತೆ ತಿರುಗಿಸಿ, ಗುಂಡಿ ಒತ್ತಿ ಬಂದು, ಬಲಿಗೆ ಬಂದವನಂತೆ ಕೂತ.

ರೇಡಿಯೊ ಹೊದಿಕೆ ಸುತ್ತಿದ. ತಲೆಯೆತ್ತಿದ. ಮಧ್ಯಾಹ್ನದಿಂದ ಇದೇ ಮೊದಲ ಸಲ ಕನ್ನಡಿಯಲ್ಲಿ ಒಂದು ಮುಖ ಕಂಡಿತು. ಜೀವಮಾನವೆಲ್ಲ ಅವನು ಜನರ ಜೊತೆ ಮಾತಾಡಿದ್ದು ಹೀಗೆಯೇ. ಕೈಯಲ್ಲಿ ಅವರ ಹಿಂತಲೆ, ಕಣ್ಣೆದುರು ಕನ್ನಡಿಯೊಳಗಿನ ಅವರ ಮುಖ. ಈಗ ಆ ಮುಖ ಅಳುವಂತಿತ್ತು.

"ಏನಯ್ಯಾ ಇದು ಮುಖ? ಹಲ್ಲು ಕೀಳಿಸ್ಕೊಳ್ಳೋಕೆ ಬಂದವನ ಥರ?"

"ಭಾವ, ಬರೀ ತುದಿ."

"ತುದಿ ಎಲ್ಲಿಂದ ಶುರು ಅಂತ ನಾನು ಹೇಳ್ತೀನಿ, ನೀನಲ್ಲ. ಮೊದಲು ನೀರು. ಒದ್ದೆ ಕೂದಲು ಉದ್ದ ಕಾಣುತ್ತೆ, ಮೋಸ ಹೋಗಬಾರದು. ಒಣಗಿದ್ಮೇಲೆ ಒಂದು ಬೆರಳು ಮೇಲಕ್ಕೆ ಹೋಗಿಬಿಡುತ್ತೆ. ಹೊಸಬರು ಮಾಡೋ ತಪ್ಪೇ ಇದು. ಒದ್ದೆಯಲ್ಲಿ ಇಷ್ಟ ಬಂದಷ್ಟು ಕತ್ತರಿಸಿ, ಒಣಗಿದ್ಮೇಲೆ ಗಿರಾಕಿ ಕಾಲಿಗೆ ಬೀಳ್ತಾರೆ." ಬಾಚಣಿಗೆ ಎದ್ದಿತು, ಕತ್ತರಿ ಕಚಕಚ ಎಂದಿತು. "ನಿನಗೆ ಹೆಣ್ಣು ನೋಡೋಕೆ ಹೋದಾಗ ಹುಡುಗಿ ತಂದೆ ನಿನ್ನನ್ನ ಹಿಂದಿನಿಂದ ನೋಡಿ, ಹುಡುಗನ ಅಕ್ಕಾನೂ ಬಂದಿದ್ದಾರಾ ಅಂತ ಕೇಳಿದ್ರಂತೆ, ಹೌದಾ?"

ಮೈದುನ ಅಳು ಮರೆತು ನಕ್ಕ. ಮೆಟ್ಟಿಲಿನ ಮೇಲಿನವರೂ ನಕ್ಕರು. ರೇಡಿಯೊ ಹರಿದ. ಬೆರಳ ಸಂದಿಯಲ್ಲಿ ಕೂದಲನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಕಿವಿಯ ಹತ್ತಿರ ಬಂದಾಗ ಯಾಕೆ ಗಿರಾಕಿಗೆ ಪ್ರಶ್ನೆ ಕೇಳಬಾರದು, ಎಲ್ಲ ಹೇಳುತ್ತಾ ಎಡಬದಿ ಮುಗಿಸಿ ಬಲಬದಿಗೆ ಬಂದ. ಆಗ ಕನ್ನಡಿಯಲ್ಲಿ, ಮೈದುನನ ಕಿವಿಯ ಪಕ್ಕದಲ್ಲಿ, ಆ ಕೆಂಪು ದೀಪ ಕಣ್ಣಿಗೆ ಬಿತ್ತು.

ಕತ್ತರಿ ನಿಂತಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಒಂದು ಬದಿ ಮೋಟು, ಇನ್ನೊಂದು ಬದಿ ಭುಜದವರೆಗೆ ರೇಷ್ಮೆ ಇಟ್ಟುಕೊಂಡ ಮೈದುನ ತುಟಿ ಅಲ್ಲಾಡಿಸದೆ, "ಭಾವ, ಹೀಗೆ ಬಿಟ್ಟುಬಿಟ್ರೆ ನಾನು ಮುಂದಿನ ಮದುವೆಗೆ ಒಂದೇ ಪಕ್ಕ ತೋರಿಸ್ಕೊಂಡು ನಿಲ್ಲಬೇಕಾಗುತ್ತೆ," ಎಂದ.

ರೇಡಿಯೊ ದೀಪವನ್ನೇ ನೋಡುತ್ತಿದ್ದ. ಹೆಂಡತಿ ಬಾಗಿಲ ಬಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತದ್ದೂ ಕನ್ನಡಿಯಲ್ಲಿ ಕಾಣುತ್ತಿತ್ತು. ಇನ್ನು ತಲೆಗಳಿಲ್ಲ, ಹೊತ್ತೂ ಇಲ್ಲ. ನೋಡುತ್ತಾ ನೋಡುತ್ತಾ ಅವನಿಗೆ ಕಂಡದ್ದು, ಆ ಯಂತ್ರ ಕೂತಿರುವ ಜಾಗ. ಅದು ಬೆಂಚು. ಅಲ್ಲಿ ಕೂತವರು ಎದ್ದು ಬೇರೆ ಅಂಗಡಿಗೆ ಹೋಗದಂತೆ ಮಾತಲ್ಲೇ ಹಿಡಿದಿಡುವುದು ಅವನ ಕಸುಬಿನ ಅರ್ಧ ಪಾಲು. ಕಾದು ಕಾದು ಮುಖ ಊದಿಸಿಕೊಂಡ ಎಂಥೆಂಥವರನ್ನು ಅವನು ಅಲ್ಲಿ ಕೂರಿಸಿಲ್ಲ?

"ಸ್ವಲ್ಪ ತಡ್ಕೊಳ್ಳಿ ಸ್ವಾಮಿ," ಎಂದ ದೀಪಕ್ಕೆ. "ಇದೊಂದು ಆಗಿಬಿಡಲಿ, ಮುಂದಿನ ಸರದಿ ನಿಮ್ದೇ. ಸುಮ್ನೆ ಕೂರೋ ಬದಲು ಇಲ್ಲಿ ನೋಡಿ. ಈ ಬದಿ ಆ ಬದಿ ಸಮ ಮಾಡೋಕೆ ಹೊರಟವನು ತಲೇನೇ ಖಾಲಿ ಮಾಡ್ತಾನೆ. ಅದಕ್ಕೇ ನಾನು ಮೊದಲು ಕಿವಿ ನೋಡಲ್ಲ, ದವಡೆ ನೋಡ್ತೀನಿ."

ಕತ್ತರಿ ಮತ್ತೆ ಓಡಿತು. ಬೆಂಚಿನ ಮೇಲಿನ ಆ ಮೂರು ಕಾಲಿನ ಗಿರಾಕಿಗೆ ಅವನು ದವಡೆಯ ವಿಷಯ ಹೇಳಿದ, ಕತ್ತಿನ ವಿಷಯ ಹೇಳಿದ, ಮನೆ ಎಲ್ಲಿ ಎಂದೂ ವಿಚಾರಿಸಿದ. ಕೊನೆಗೆ ಹೆಂಡತಿಯೇ ಬಂದು ಕ್ಯಾಮೆರಾ ಆರಿಸಬೇಕಾಯಿತು. ಅಭ್ಯಾಸಬಲದಿಂದ "ಶ್" ಎಂದೂ ಅಂದಳು. ಬಿಸಿಲು ಪೂರ್ತಿ ಹೋಗುವಷ್ಟರಲ್ಲಿ ವಿಡಿಯೊ ಶಾಲೆಗೆ ತಲುಪಿತ್ತು.

ಮುಂದಿನ ವಾರ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದರೆ ಪರದೆಯ ಮೇಲೆ ಶಾಲೆಯ ಪ್ರಾಂಶುಪಾಲರ ಮುಖವೇ ಮೂಡಿತು.

"ನೀವು ಎಡಗೈಯವರೇನ್ರೀ?" ಎಂದರು ಅವರು. "ವಿಡಿಯೊದಲ್ಲಿ ಗೋಡೆ ಗಡಿಯಾರಾನೂ ಹಿಂದಕ್ಕೆ ಓಡ್ತಾ ಇದೆಯಲ್ಲ."

ರೇಡಿಯೊ ತೊದಲುತ್ತಾ ಕನ್ನಡಿಯ ಕತೆ ಒಪ್ಪಿಸಿದ. ಪ್ರಾಂಶುಪಾಲರು ನಗಲಿಲ್ಲ. "ಕನ್ನಡಿ ನೋಡ್ಕೊಂಡು ಪಾಠ ಮಾಡಿದ್ರೆ ನಮ್ಮ ಹುಡುಗರಿಗೆ ನಿಮ್ಮ ಬೆನ್ನೇ ಗತಿ. ನೇರವಾಗಿ ನನ್ನನ್ನ ನೋಡಿ ಏನಾದ್ರೂ ಹೇಳಿ, ಕೇಳೋಣ."

ಹೆಂಡತಿ ಫೋನನ್ನು ಅವನ ಮುಖಕ್ಕೆ ಎದುರಾಗಿ ಹಿಡಿದಳು. ಕನ್ನಡಿಯಿಲ್ಲ, ಬೆಂಚಿಲ್ಲ, ಕೈಯಲ್ಲಿ ಕತ್ತರಿಯೂ ಇಲ್ಲ. ರೇಡಿಯೊ ಅಂಗೈಯಗಲದ ಆ ಮುಖವನ್ನು ದಿಟ್ಟಿಸಿದ. ಅವರ ನೆತ್ತಿಯ ಮೇಲೆ, ಎಷ್ಟು ಬಾಚಿದರೂ ಬಗ್ಗದ ಒಂದು ಜುಟ್ಟು ನೆಟ್ಟಗೆ ನಿಂತಿತ್ತು.

"ಸ್ವಲ್ಪ ತಲೆ ತಗ್ಗಿಸಿ ಸಾರ್," ಎಂದ.

ಪ್ರಾಂಶುಪಾಲರು ತಲೆ ತಗ್ಗಿಸಿಬಿಟ್ಟರು. ಪರದೆಯ ತುಂಬ ಅವರ ನೆತ್ತಿಯೇ ಬಂತು.

"ಹಾಂ, ಇದೋ. ಇಲ್ಲಿ ಎರಡು ಸುಳಿ ಇದೆ, ಒಂದಕ್ಕೊಂದು ಎದುರು. ನಿಮಗೆ ಕಟಿಂಗ್ ಮಾಡಿದವರು ಒಂದನ್ನೇ ನೋಡಿ, ಕೂದಲು ಹೋಗೋ ದಿಕ್ಕಿಗೆ ವಿರುದ್ಧ ಕತ್ತರಿ ಹಾಕಿದ್ದಾರೆ. ಅದು ಸಿಟ್ಟಾಗಿ ಎದ್ದು ನಿಂತಿದೆ. ಇಂಥ ಕಡೆ ಕತ್ತರಿ ಕಮ್ಮಿ ಮಾಡಿ ಉದ್ದ ಬಿಡಬೇಕು, ಭಾರಕ್ಕೆ ತಾನೇ ಮಲಗುತ್ತೆ."

ನಗು ತಡೆಯಲಾರದೆ ಹೆಂಡತಿಯ ಕೈ ಅಲುಗುತ್ತಿತ್ತು. ಅದರ ಜೊತೆಗೆ ಪ್ರಾಂಶುಪಾಲರ ತಲೆಯೂ ಅಲುಗುತ್ತಿತ್ತು. ಎದೆಗೆ ಗದ್ದ ಒತ್ತಿಕೊಂಡೇ ಅವರ ದನಿ ಕೆಳಗಿನಿಂದ ಬಂತು. "ಸರಿ ಮೇಷ್ಟ್ರೇ, ಸೋಮವಾರದಿಂದ ಬಂದ್ಬಿಡಿ."

"ಬರ್ತೀನಿ ಸಾರ್," ಎಂದ ರೇಡಿಯೊ. "ಆದ್ರೆ ಈಗಲೇ ಏಳಬೇಡಿ, ಇನ್ನೂ ಎಡಗಡೆ ನೋಡಿಲ್ಲ."