ಸಾರಾಂಶದ ಸ್ಪ್ಯಾನಿಷ್

ಮಂಜುಶ್ರೀಗೆ ಸ್ಪ್ಯಾನಿಷ್ ಬರುತ್ತದೆ ಎನ್ನುವುದು ಅರ್ಧ ನಿಜ. ವೈಟ್‌ಫೀಲ್ಡಿನ ಕಂಪನಿಯೊಂದರ ಕೆಲಸವನ್ನು ದೊಡ್ಡನೆಕ್ಕುಂದಿಯ ಮನೆಯಲ್ಲೇ ಕೂತು ಮಾಡುತ್ತಿದ್ದಳು. ಸ್ಪೇನ್, ಪೆರು, ಮೆಕ್ಸಿಕೋಗಳ ಸಂಶೋಧನಾ ಲೇಖನಗಳ ಸಾರಾಂಶ ಓದಿ, ಕೀವರ್ಡ್ ಹಚ್ಚಿ, ಯಾರು ಹುಡುಕಿದರೂ ಸಿಗುವಂತೆ ಆನ್‌ಲೈನ್ ಡೇಟಾಬೇಸಿಗೆ ಏರಿಸಬೇಕು. ಆಲಿವ್ ಗಿಡದ ರೋಗದಿಂದ ಹಿಡಿದು ಹಳೇ ಕಾಲದ ಸನ್ಯಾಸಿನಿಯರ ಅಡುಗೆಯವರೆಗೆ ಅವಳು ಓದದ ಸಂಗತಿಯಿಲ್ಲ. ಆದರೆ ಆ ಭಾಷೆಯಲ್ಲಿ ಒಂದು ನರಪಿಳ್ಳೆಯನ್ನೂ ಮಾತಾಡಿಸಿದವಳಲ್ಲ.

ಇವತ್ತು ಮಾತಾಡಲೇಬೇಕಿತ್ತು. ಆ ಡೇಟಾಬೇಸಿನ ಮ್ಯಾಡ್ರಿಡ್ ಸಂಪಾದಕಿ ಪಿಲಾರ್ ವಿಡಿಯೊ ಕಾಲ್‌ಗೆ ಬರುವವರಿದ್ದರು. ಅವರು ಮೆಚ್ಚಿದರೆ ಲ್ಯಾಟಿನ್ ಅಮೆರಿಕದ ಅಷ್ಟೂ ಜರ್ನಲ್‌ಗಳು ಮಂಜುಶ್ರೀ ಕೈಗೆ. ಇಲ್ಲವಾದರೆ ಸ್ಪ್ಯಾನಿಷ್ ಕೆಲಸ ಬೇರೆ ಕಂಪನಿಗೆ, ಇವಳು ವಿಮೆ ಅರ್ಜಿಗಳ ವಿಭಾಗಕ್ಕೆ. ನೆನೆಸಿಕೊಂಡರೇ ಅಳು ಬರುತ್ತಿತ್ತು.

"ನೀನ್ ಮಾತಾಡ್ತಿರು ಮಂಜು, ನಾನ್ ನಗ್ತಿರ್ತೀನಿ," ಎಂದಿದ್ದ ಮ್ಯಾನೇಜರ್ ಬಾಲಾಜಿ. ಅವನಿಗೆ ಬರುತ್ತಿದ್ದ ಸ್ಪ್ಯಾನಿಷ್ ಅಷ್ಟೇ.

ತೆರೆಯ ಮೇಲೆ ಮೂಡಿದ ಪಿಲಾರ್, ನಿಮ್ಮ ಬಗ್ಗೆ ಹೇಳಿ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದರು. ಸರಿಯಾಗಿ ಆಗಲೇ ಅವಳ ಅಮ್ಮ ರಾಮಮ್ಮ ಅಕ್ಕಿರೊಟ್ಟಿ ತಟ್ಟೆ ಹಿಡಿದು ಕ್ಯಾಮೆರಾ ಮುಂದೆ ಹಾಜರ್.

"ತಿಂದ್ಬಿಟ್ಟು ಮಾತಾಡೇ, ಆರೋಯ್ತದೆ."

"ಇವರು ಯಾರು?" ಎಂದರು ಪಿಲಾರ್.

ಮಂಜುಶ್ರೀಗೆ ಗೊತ್ತಿದ್ದ ಒಂದೇ ಒಂದು ಬಗೆಯ ಸ್ಪ್ಯಾನಿಷ್ ತಾನಾಗಿ ಹೊರಬಿತ್ತು. "ಪ್ರಸ್ತುತ ಅಧ್ಯಯನವು ದೊಡ್ಡನೆಕ್ಕುಂದಿಯ ಒಬ್ಬ ತಾಯಿಯನ್ನು ವಿಶ್ಲೇಷಿಸುತ್ತದೆ. ವಿಧಾನ: ಹುಟ್ಟಿನಿಂದ ನೇರ ವೀಕ್ಷಣೆ. ಫಲಿತಾಂಶ: ಬೇಡವೆಂದಷ್ಟೂ ರೊಟ್ಟಿಗಳಲ್ಲಿ ಗಣನೀಯ ಏರಿಕೆ."

ಪಿಲಾರ್ ಕಣ್ಣು ಮಿಟುಕಿಸಲಿಲ್ಲ. ಕೆಟ್ಟೆ ಅಂದುಕೊಂಡಳು ಮಂಜುಶ್ರೀ.

"ಅಧ್ಯಯನದ ಮಿತಿಗಳು?" ಪಿಲಾರ್ ಗಂಭೀರವಾಗಿ ಕೇಳಿದರು.

"ಮಾದರಿಯ ಗಾತ್ರ ಒಂದೇ. ಸದ್ದು ಮಾತ್ರ ಇಡೀ ಸಮುದಾಯದ್ದು."

ಪಿಲಾರ್ ಮೇಜಿಗೆ ಹಣೆ ಹಚ್ಚಿ ನಕ್ಕರು. ತೆರೆಯ ಇನ್ನೊಂದು ಮೂಲೆಯಲ್ಲಿ, ಒಂದಕ್ಷರ ಅರ್ಥವಾಗದ ಬಾಲಾಜಿ ಅವರಿಗಿಂತ ಜೋರಾಗಿ ನಕ್ಕ. ಮಂಜುಶ್ರೀಗೆ ಹೊಟ್ಟೆಯೊಳಗಿಂದ ಖುಷಿ ಉಕ್ಕಿ ಬಂತು. ಇಷ್ಟು ವರ್ಷ ಓದಿದ ಭಾಷೆಯಲ್ಲಿ ಅವಳು ಜೀವಂತ ಹೆಂಗಸೊಬ್ಬಳನ್ನು ನಗಿಸಿದ್ದಳು!

"ಆಯಮ್ಮನೂ ಸೊರಗೋಗವ್ಳೆ, ರೊಟ್ಟಿ ತಿನ್ನಕ್ ಕರೀ," ಎಂದಳು ರಾಮಮ್ಮ.

ಕರೆಯುವುದು ಹೇಗೆ? ಯಾವ ಸಾರಾಂಶವೂ ಯಾರನ್ನೂ ಊಟಕ್ಕೆ ಕರೆದದ್ದಿಲ್ಲ. "ಮುಂದಿನ ಸಂಶೋಧನೆಯನ್ನು ನಮ್ಮ ಅಡುಗೆಮನೆಯಲ್ಲಿ, ತಮ್ಮ ಸಮ್ಮುಖದಲ್ಲಿ ನಡೆಸಲು ಶಿಫಾರಸು ಮಾಡಲಾಗಿದೆ," ಎಂದಳು.

ಪಿಲಾರ್ ಕಣ್ಣೊರೆಸಿಕೊಂಡರು. "ತಿದ್ದುಪಡಿಯಿಲ್ಲದೆ ಅಂಗೀಕರಿಸಲಾಗಿದೆ. ಸೋಮವಾರದಿಂದ ಜರ್ನಲ್‌ಗಳೂ ನಿಮ್ಮವೇ."

ಕಾಲ್ ಮುಗಿದದ್ದೇ ತಡ, ಮಂಜುಶ್ರೀ ಅಮ್ಮನನ್ನು ತಬ್ಬಿ ಗಿರ್ರನೆ ತಿರುಗಿಸಿದಳು.

"ಬಿಡೇ, ತಲೆ ಸುತ್ತುತದೆ! ಆಯಮ್ಮ ಬತ್ತಾಳಂತಾ?"

"ಬರ್ತಾರಂತೆ ಕಣಮ್ಮ! ಎಲ್ಲಾ ನಂಗೇ ಕೊಟ್ಬಿಟ್ರು!"

"ಅಂಗಾದ್ರೆ ನಿಂತ್ಕೊಂಡ್ ಏನ್ ಕುಣೀತೀಯಾ? ಇಟ್ಟು ಮುಗ್ದೋಗೈತೆ. ಅಕ್ಕಿ ತಗೊಂಡು ಮಿಲ್ಗೆ ಓಗು."